ಫೂಟಿಗೆ ಎಷ್ಟು ಅಂತ ಕೇಳುವ ಮೊದಲು ಮಣ್ಣು ನೋಡಿ ಬನ್ನಿ

ಹುಬ್ಬಳ್ಳಿಯಿಂದ ಗದಗಿನ ದಾರಿ ಹಿಡಿಯಿರಿ, ಹಾವೇರಿಯ ದಾರಿ ಹಿಡಿಯಿರಿ, ಊರ ಬಾಯಲ್ಲಿ ಒಂದು ಮೂರ್ತಿ ನಿಂತಿರುತ್ತದೆ. ಇಲ್ಲದಿದ್ದರೆ ಕಟ್ಟೆ ಕಟ್ಟಿ ಮುಗಿದು, ಮೂರ್ತಿಗಾಗಿ ಪಟ್ಟಿ ಎತ್ತುವ ಕೆಲಸ ನಡೆದಿರುತ್ತದೆ. ಬಸವಣ್ಣ, ಕನಕದಾಸರು, ಚೆನ್ನಮ್ಮ, ರಾಯಣ್ಣ, ವಾಲ್ಮೀಕಿ, ಅಂಬೇಡ್ಕರ್. ಕಮಿಟಿಯವರು ಶಿಲ್ಪಿಯ ಶೆಡ್ಡಿಗೆ ಹೋದ ಕೂಡಲೇ ಕೇಳುವ ಮೊದಲ ಮಾತು, "ಫೂಟಿಗೆ ಎಷ್ಟ್ರಿ?" ಎರಡನೆಯದು, "ಫೈಬರ್ ಆದ್ರ ಎಷ್ಟು, ಕಂಚಾದ್ರ ಎಷ್ಟು?" ಮೂರನೆಯದು, "ಜಯಂತಿಗೆ ಸಿಗತೈತೇನ್ರಿ?" ಮಣ್ಣಿನಲ್ಲಿ ಯಾವಾಗ ತೋರಿಸುತ್ತೀರಿ ಅಂತ ಕೇಳುವವರು ಬಲು ಕಡಿಮೆ. ಊರಿನ ದುಡ್ಡು ಸಾರ್ಥಕ ಆಗುತ್ತದೋ ಹಾಳಾಗುತ್ತದೋ ಅನ್ನುವುದು ಮಾತ್ರ ಆ ಕೇಳದ ಪ್ರಶ್ನೆಯ ಮೇಲೇ ನಿಂತಿದೆ.

ಇದಕ್ಕೆ ಕಾರಣವೂ ಇದೆ. ಶಿಲ್ಪಿ ಅಂದ ತಕ್ಷಣ ನಮ್ಮ ಕಡೆಯವರ ಕಣ್ಣಿಗೆ ಬರುವುದು ಉಳಿ, ಸುತ್ತಿಗೆ, ಕಲ್ಲು. ಲಕ್ಕುಂಡಿ, ಅಣ್ಣಿಗೇರಿ, ಡಂಬಳ, ಗಳಗನಾಥ, ಹಾನಗಲ್ ಸುತ್ತಿ ಬೆಳೆದವರಿಗೆ ಬೇರೆ ಏನು ಹೊಳೆಯಬೇಕು? ಆದರೆ ಇವತ್ತು ಸರ್ಕಲ್‌ಗಳಲ್ಲಿ ನಿಲ್ಲುವ ಕಂಚು, ಫೈಬರ್ ಮೂರ್ತಿಗಳಲ್ಲಿ ಯಾವುದನ್ನೂ ಯಾರೂ ಕೆತ್ತುವುದಿಲ್ಲ. ಅವನ್ನು ಮೊದಲು ಜೇಡಿಮಣ್ಣಿನಲ್ಲಿ ಮೆತ್ತಿ ಕಟ್ಟುತ್ತಾರೆ, ಅದರ ಮೇಲೆ ಅಚ್ಚು ತೆಗೆಯುತ್ತಾರೆ, ಅಚ್ಚಿನೊಳಗೆ ಬೇರೆ ವಸ್ತು ಹೊಯ್ಯುತ್ತಾರೆ. ಕಲ್ಲಿನಲ್ಲಿ ಬೇಡದ್ದನ್ನು ತೆಗೆಯುತ್ತ ಹೋಗುವುದು, ಮಣ್ಣಿನಲ್ಲಿ ಬೇಕಾದ್ದನ್ನು ಸೇರಿಸುತ್ತ ಹೋಗುವುದು. ಎರಡೂ ಶಿಲ್ಪವೇ. ಆದರೆ ತಪ್ಪು ಎಲ್ಲಿ ಆಗುತ್ತದೆ, ಯಾವಾಗ ತಿದ್ದಬಹುದು ಅನ್ನುವುದು ಎರಡಕ್ಕೂ ಪೂರ್ತಿ ಬೇರೆ.

ಕಲ್ಲಿನ ಮಾತು ಸ್ವಲ್ಪ ಹೇಳಿಬಿಡುತ್ತೇವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಕಲ್ಯಾಣ ಚಾಲುಕ್ಯರ ಕಾಲಕ್ಕೆ, 11ನೇ ಶತಮಾನದಲ್ಲಿ, ನಮ್ಮ ಭಾಗದಲ್ಲಿ ಕಲ್ಲೇ ಬದಲಾಯಿತು. ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಕಾಶಿವಿಶ್ವನಾಥ, ಡಂಬಳದ ದೊಡ್ಡಬಸಪ್ಪ ಗುಡಿ, ಇವೆಲ್ಲ ಹಸಿರುಗಪ್ಪು ಬಣ್ಣದ ಮೆತ್ತನೆಯ ಕಲ್ಲಿನವು. ಭೂವಿಜ್ಞಾನಿಗಳು ಅದನ್ನು ಕ್ಲೋರೈಟ್ ಶಿಸ್ಟ್ ಅಂತಾರೆ, ಜನ ಬಳಪದ ಕಲ್ಲು ಅಂತಾರೆ. ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಕ್ಲೋರೈಟ್ 2ರಿಂದ 2.5, ನಮ್ಮ ಉಗುರು ಸುಮಾರು 2.5, ಗ್ರಾನೈಟಿನೊಳಗಿನ ಸ್ಫಟಿಕ 7. ಲಕ್ಕುಂಡಿಯ ಬಾಗಿಲುವಾಡದಲ್ಲಿ ಬೆರಳಗಲದ ಪಟ್ಟಿಯೊಳಗೆ ಬಳ್ಳಿ, ಹೂವು, ಆನೆ, ಮನುಷ್ಯ ಎಲ್ಲ ಹಿಡಿಸಲು ಸಾಧ್ಯವಾದದ್ದು ಇದರಿಂದಲೇ. ಕಂಬಗಳನ್ನು ತಿರುಗಿಸಿ ಕಡೆಯಲು ಆದದ್ದೂ ಇದರಿಂದಲೇ. ಕಂಬದ ಮೇಲೆ ಬೆರಳಾಡಿಸಿದರೆ ಸುತ್ತಲೂ ಒಂದೇ ಅಂತರದಲ್ಲಿ ಓಡುವ ಸಣ್ಣ ಗೀರುಗಳು ಸಿಗುತ್ತವೆ, ಕೈಯಿಂದ ಉಳಿ ಹೊಡೆದರೆ ಅಂಥ ಗೀರು ಬರುವುದಿಲ್ಲ.

ಅದೇ ಮೆತ್ತನೆಯ ಗುಣ ಈಗ ಮುಳುವಾಗಿದೆ. ಹಾವೇರಿ ಜಿಲ್ಲೆಯ ಎಷ್ಟೋ ಊರುಗಳಲ್ಲಿ ವೀರಗಲ್ಲುಗಳಿಗೆ, ಹಳೇ ಮೂರ್ತಿಗಳಿಗೆ ಆಯಿಲ್ ಪೇಂಟ್ ಬಳಿಯುತ್ತಾರೆ. ಆಮೇಲೆ ಯಾರಿಗೋ ಬೇಸರ ಬಂದು ತಂತಿ ಬ್ರಷ್ ಹಾಕಿ ಉಜ್ಜುತ್ತಾರೆ. ಪೇಂಟಿನ ಜೊತೆ ಮೂಗು, ತುಟಿ, ಒಡವೆ ಎಲ್ಲ ಹೋಗುತ್ತದೆ. ಉಗುರಿನಷ್ಟೇ ಗಟ್ಟಿಯಿರುವ ಕಲ್ಲಿಗೆ ಉಕ್ಕಿನ ತಂತಿ ಹಾಕಿದರೆ ಇನ್ನೇನಾಗಬೇಕು? ಆಸಿಡ್ ಅಂತೂ ಮುಟ್ಟಿಸಲೇಬೇಡಿ. ಪೇಂಟ್ ಬಿದ್ದಿದ್ದರೆ ಹಾಗೇ ಇರಲಿ, ಪುರಾತತ್ವ ಇಲಾಖೆಯವರಿಗೆ ತಿಳಿಸಿ.

ಹೊಸ ಕಲ್ಲಿನ ಮೂರ್ತಿ ಮಾಡಿಸುವವರಿಗೆ ಎರಡು ಪರೀಕ್ಷೆ. ಕಲ್ಲನ್ನು ಎರಡು ಕಟ್ಟಿಗೆಯ ಮೇಲೆ ಎತ್ತಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಂಟೆಯಂಥ ನಾದ ಬಂದರೆ ಗಟ್ಟಿ, ಬೊದ್ದು ಸಪ್ಪಳ ಬಂದರೆ ಒಳಗೆಲ್ಲೋ ಬಿರುಕಿದೆ. ನೆಲದ ಮೇಲೇ ಇಟ್ಟು ತಟ್ಟಿದರೆ ಒಳ್ಳೇ ಕಲ್ಲೂ ಬೊದ್ದು ಅನ್ನುತ್ತದೆ, ಅದಕ್ಕೇ ಎತ್ತಿಡಬೇಕು. ಇನ್ನೊಂದು, ಕಲ್ಲಿಗೆ ಪೂರ್ತಿ ನೀರು ಹಾಕಿ ಬಿಸಿಲಿಗೆ ಬಿಡಿ. ಎಲ್ಲ ಕಡೆ ಒಣಗಿದ ಮೇಲೂ ಒಂದು ಕಪ್ಪು ಗೆರೆ ತೇವವಾಗಿಯೇ ಉಳಿದರೆ ಅದು ಸೀಳು. ಆ ಗೆರೆ ಕುತ್ತಿಗೆಗೋ ಮಣಿಕಟ್ಟಿಗೋ ಬರುವಂತಿದ್ದರೆ ಆ ಕಲ್ಲು ಬೇಡ. ಕುತ್ತಿಗೆ ಮುರಿದ ಮೇಲೆ ಅಂಟು ಹಾಕಬಹುದು, ಆದರೆ ಪೂಜೆಯ ಮೂರ್ತಿಗೆ ಭಿನ್ನ ಅಂದರೆ ಭಿನ್ನವೇ.

ಈಗ ಮಣ್ಣಿಗೆ ಬರೋಣ. ಆರಡಿ ಮೂರ್ತಿಗೆ ಇನ್ನೂರರಿಂದ ಮುನ್ನೂರು ಕೆಜಿ ಹಸಿಮಣ್ಣು ಬೇಕಾಗುತ್ತದೆ. ಅಷ್ಟು ಮಣ್ಣು ತಾನಾಗಿ ನಿಲ್ಲುವುದಿಲ್ಲ. ಒಳಗೆ ಕಬ್ಬಿಣದ ಪೈಪು, ಸರಳಿನ ಹಂದರ ಇರುತ್ತದೆ. ಕೈ, ತೊಡೆ, ಹೊಟ್ಟೆಯಂಥ ದಪ್ಪ ಜಾಗಗಳಲ್ಲಿ ಅಡ್ಡಗೂಡಿಸಿ ಕಟ್ಟಿದ ಸಣ್ಣ ಕಟ್ಟಿಗೆ ಚೂರುಗಳನ್ನು ತಂತಿಯಿಂದ ನೇತುಬಿಡುತ್ತಾರೆ, ಮಣ್ಣು ಜಾರದಂತೆ ಅವೇ ಹಿಡಿದುಕೊಳ್ಳುತ್ತವೆ. ಹಂದರದಲ್ಲಿ ಮೊಣಕಾಲು ಎಲ್ಲಿ ಬಗ್ಗಬೇಕು, ಸೊಂಟ ಎತ್ತ ವಾಲಬೇಕು ಅನ್ನುವುದು ತಪ್ಪಿದರೆ ಮೇಲೆ ಎಷ್ಟೇ ಚಂದ ಮಣ್ಣು ಮೆತ್ತಿದರೂ ಮೂರ್ತಿ ಕಂಬಕ್ಕೆ ಬಟ್ಟೆ ಸುತ್ತಿದ ಹಾಗೆ ಕಾಣುತ್ತದೆ. ನಮ್ಮ ಸರ್ಕಲ್‌ಗಳಲ್ಲಿ ಇಂಥವು ಎಷ್ಟಿವೆ ಅಂತ ನೀವೇ ನೋಡಿ. ಅದಕ್ಕೇ ಅನುಭವಿಗಳು ಮೊದಲು ಒಂದೂವರೆ ಅಡಿಯ ಸಣ್ಣ ಮಾದರಿ ಮಾಡಿ, ಅದನ್ನು ಒಪ್ಪಿಸಿಕೊಂಡು, ಆಮೇಲೆ ದೊಡ್ಡ ಹಂದರ ಬೆಸುಗೆ ಹಾಕುತ್ತಾರೆ. ಮಾದರಿಗೆ ಬೇರೆ ದುಡ್ಡು ಕೇಳಿದರೆ ಕೊಡಿ. ಇಡೀ ಕೆಲಸದಲ್ಲಿ ಅದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ.

ಮಣ್ಣು ಮುಗಿದ ಮೇಲೆ ಒದ್ದೆ ಬಟ್ಟೆ, ಪ್ಲಾಸ್ಟಿಕ್ ಸುತ್ತಿ ಇಟ್ಟಿರುತ್ತಾರೆ. ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ, ಹಾಗಾಗಿ ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಸಲ ನೀರು ಸಿಂಪಡಿಸಬೇಕು. ಕಮಿಟಿಯವರು ಶೆಡ್ಡಿಗೆ ಹೋಗಬೇಕಾದದ್ದು ಈ ಹೊತ್ತಿಗೆ. ಮೂಗು ಉದ್ದ ಅನ್ನಿಸಿದರೆ ಹತ್ತು ನಿಮಿಷದ ಕೆಲಸ. ಇದೇ ಮಾತನ್ನು ಎರಕ ಆದ ಮೇಲೆ ಹೇಳಿದರೆ ಕೊಯ್ದು, ಬೆಸುಗೆ ಹಾಕಿ, ಉಜ್ಜಬೇಕು, ಆಮೇಲೂ ಕಲೆ ಉಳಿಯುತ್ತದೆ.

ಹೋದಾಗ ಏನು ನೋಡಬೇಕು? ಎದುರಿಗೆ ನಿಂತು "ಭಾಳ ಚಲೋ ಬಂದೈತ್ರಿ" ಅಂದು ಚಹಾ ಕುಡಿದು ಬಂದರೆ ಹೋದದ್ದು ದಂಡ. ತಿರುಗುವ ಪೀಠದ ಮೇಲೆ ಮೂರ್ತಿಯನ್ನು ನಿಧಾನ ತಿರುಗಿಸಲು ಹೇಳಿ. ಎದುರಿನಿಂದ ಸರಿಯಿದ್ದ ಮುಖ ಪಕ್ಕದಿಂದ ಚಪ್ಪಟೆ ಇರುತ್ತದೆ, ಯಾಕಂದರೆ ಮಾದರಿಗೆ ಕೊಟ್ಟದ್ದು ಎದುರಿನ ಒಂದೇ ಫೋಟೋ. ಕಿವಿ ಎಲ್ಲಿದೆ ನೋಡಿ: ಹುಬ್ಬಿನ ಮಟ್ಟಕ್ಕೂ ಮೂಗಿನ ಬುಡದ ಮಟ್ಟಕ್ಕೂ ನಡುವೆ, ತಲೆಯ ಪಕ್ಕದ ಅರ್ಧದಿಂದ ಹಿಂದಕ್ಕೆ. ಕಿವಿ ಮುಂದೆ ಬಂದಿದ್ದರೆ ತಲೆಯ ಹಿಂಭಾಗ ಕೊಯ್ದುಹೋದಂತೆ ಕಾಣುತ್ತದೆ. ಶೆಡ್ಡಿನ ಲೈಟು ಆರಿಸಿ, ಟಾರ್ಚನ್ನು ಒಂದು ಪಕ್ಕದಿಂದ ಹಿಡಿಯಿರಿ. ಕೆನ್ನೆಯ ಏರಿಳಿತ, ಗದ್ದದ ಸೊಟ್ಟ ಎಲ್ಲ ನೆರಳಿನಲ್ಲಿ ಸಿಕ್ಕಿಬೀಳುತ್ತದೆ.

ಕಣ್ಣಿನ ಹತ್ತಿರ ಹೋಗಿ ನೋಡಿ. ಕಂಚಿನಲ್ಲಿ ಕರಿ ಗುಡ್ಡೆಗೆ ಬಣ್ಣ ಹಚ್ಚುವುದಿಲ್ಲ. ಗುಡ್ಡೆಯ ಜಾಗದಲ್ಲಿ ಸಣ್ಣ ಕುಳಿ ತೋಡಿ, ಕುಳಿಯ ಮೇಲಂಚಿನಲ್ಲಿ ಒಂದು ಕಾಳಿನಷ್ಟು ಮಣ್ಣು ಬಿಡುತ್ತಾರೆ. ಕುಳಿಯೊಳಗಿನ ನೆರಳು ಕಪ್ಪಾಗಿ ಕಾಣುತ್ತದೆ, ಆ ಕಾಳು ಬೆಳಕು ಹಿಡಿದು ಕಣ್ಣಿಗೆ ಹೊಳಪು ಕೊಡುತ್ತದೆ. ಕುಳಿ ಹೆಚ್ಚು ಆಳವಾದರೆ ಬೆದರಿದವರ ನೋಟ, ಕಡಿಮೆಯಾದರೆ ಕುರುಡು ನೋಟ. ಎರಡೂ ಕುಳಿಗಳ ದಿಕ್ಕಿನಲ್ಲಿ ಒಂದು ಕಡ್ಡಿಯಷ್ಟು ವ್ಯತ್ಯಾಸ ಆದರೂ ಮೆಳ್ಳೆಗಣ್ಣು. ಗಾಂಧೀಜಿ, ಅಂಬೇಡ್ಕರ್ ಅವರ ಕನ್ನಡಕವನ್ನು ಮಣ್ಣಿನಲ್ಲಿ ಮಾಡುವುದಿಲ್ಲ. ಗಾಜಿಲ್ಲದ ಬರೀ ಚೌಕಟ್ಟನ್ನು ಲೋಹದಲ್ಲಿ ಬೇರೆ ಮಾಡಿ ಆಮೇಲೆ ಕೂಡಿಸುತ್ತಾರೆ. ಮೊದಲು ಮುರಿಯುವುದು ಅದು, ಎರಡನೆಯದು ಅಂಬೇಡ್ಕರರ ಚಾಚಿದ ತೋರುಬೆರಳು. ಆ ಬೆರಳೊಳಗೆ ಸರಳು ಹೋಗಿದೆಯಾ, ಅದು ಮುಂಗೈ ಸರಳಿಗೆ ಬೆಸುಗೆ ಆಗಿದೆಯಾ ಅಂತ ಕೇಳಲೇಬೇಕು.

ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಓಕೆ ಹೇಳುವ ರೂಢಿಯ ಬಗ್ಗೆ ನಮ್ಮದು ಕಡಕ್ ವಿರೋಧ. ಮೊಬೈಲ್ ಲೆನ್ಸ್ ಅಗಲದ್ದು. ಮೂರಡಿ ದೂರದಿಂದ ಮುಖ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಕಮಿಟಿ ಮೂಗು ಸಣ್ಣ ಮಾಡಿರಿ ಅನ್ನುತ್ತದೆ, ಶಿಲ್ಪಿ ಮಾಡುತ್ತಾನೆ, ಕಟ್ಟೆ ಏರಿದ ಮೇಲೆ ಮೂಗೇ ಇಲ್ಲ. ಹೋಗಲು ಆಗದೇ ಇದ್ದರೆ ಹತ್ತು ಹನ್ನೆರಡು ಅಡಿ ಹಿಂದೆ ಸರಿದು, ಜೂಮ್ ಮಾಡಿ, ನಾಲ್ಕೂ ಕಡೆಯಿಂದ ತೆಗೆದ ಫೋಟೋ ಕೇಳಿ.

ಮುಖದ ವಿಷಯದಲ್ಲಿ ಇನ್ನೊಂದು ಜಗಳ ಯಾವಾಗಲೂ ಇದ್ದದ್ದೇ. "ಇದು ನಮ್ಮ ರಾಯಣ್ಣನಂಗ ಕಾಣವಲ್ದು." ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಫೋಟೋಗ್ರಫಿ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಅವರ ಫೋಟೋ ಇರಲು ಸಾಧ್ಯವೇ ಇಲ್ಲ. ನಮಗೆ ಗೊತ್ತಿರುವ ಮುಖ ಕ್ಯಾಲೆಂಡರಿನದು, ಸಿನಿಮಾದ್ದು. ಹಾಗಾದರೆ ಶಿಲ್ಪಿಗೆ ಸ್ವಲ್ಪ ಜಾಗ ಬಿಡಬೇಕು. ನಿಲುವು, ಖಡ್ಗ ಹಿಡಿದ ರೀತಿ, ರುಮಾಲಿನ ಸುತ್ತು, ಆ ಕಾಲದ ಉಡುಗೆ ಇವುಗಳ ಮೇಲೆ ಚರ್ಚೆ ಮಾಡಿದರೆ ಅರ್ಥವಿದೆ. ಬೇಂದ್ರೆ, ಗಂಗೂಬಾಯಿ ಹಾನಗಲ್ ಅಂಥವರ ಮೂರ್ತಿಯಾದರೆ ಮಾತು ಬೇರೆ. ಅವರನ್ನು ಕಣ್ಣಾರೆ ಕಂಡವರು ಇನ್ನೂ ಧಾರವಾಡದ ಓಣಿಗಳಲ್ಲಿ ಇದ್ದಾರೆ, ಕರೆದುಕೊಂಡು ಹೋಗಿ ಮಣ್ಣು ತೋರಿಸಿ. ಜೊತೆಗೆ ಕಲಾ ಶಾಲೆಯ ಮೇಷ್ಟ್ರೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಧಾರವಾಡದಲ್ಲಿ ಹಾಲಭಾವಿಯವರ ಹೆಸರಿನ ಕಲಾ ಶಾಲೆ ಇದೆ, ಗದಗಿನಲ್ಲಿ ವಿಜಯ ಕಲಾ ಮಂದಿರ ಇದೆ. ಊರಿನ ಲೀಡರ್‌ಗಿಂತ ಅವರ ಕಣ್ಣು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನು ಫೂಟಿನ ಲೆಕ್ಕ. ಎರಕದ ಮೂರ್ತಿ ಒಳಗೆ ಪೊಳ್ಳು, ಹಾಗಾಗಿ ಲೋಹದ ಖರ್ಚು ಮೇಲ್ಮೈಯನ್ನು ಹಿಡಿದು ಏರುತ್ತದೆ. ಎತ್ತರ ಎರಡು ಪಟ್ಟಾದರೆ ಮೇಲ್ಮೈ ನಾಲ್ಕು ಪಟ್ಟು, ಗಾತ್ರ ಎಂಟು ಪಟ್ಟು. 6 ಅಡಿಯಿಂದ 9 ಅಡಿಗೆ ಹೋದರೆ ಎತ್ತರ ಒಂದೂವರೆ ಪಟ್ಟು, ಆದರೆ ಮೇಲ್ಮೈ ಎರಡೂಕಾಲು ಪಟ್ಟು. "ಆರಡಿಗೆ ಇಷ್ಟು, ಮತ್ ಮೂರಡಿಗೆ ಇನ್ನ ಅರ್ಧ ಕೊಡೋಣ" ಅನ್ನುವ ಚೌಕಾಸಿ ಇಲ್ಲೇ ಕೆಡುತ್ತದೆ. ಶಿಲ್ಪಿ ಒಪ್ಪಿಕೊಂಡರೆ ಲೋಹದ ದಪ್ಪದಲ್ಲಿ, ಮಿಶ್ರಣದಲ್ಲಿ, ಇಲ್ಲವೇ ಮಣ್ಣಿನ ಕೆಲಸದಲ್ಲಿ ಎಲ್ಲೋ ಒಂದು ಕಡೆ ಆ ಅಂತರ ತುಂಬಿಕೊಳ್ಳಲೇಬೇಕು.

ಕೆಜಿ ಲೆಕ್ಕದಲ್ಲಿ ಕಂಚು ಕೊಳ್ಳುವುದೂ ಅಷ್ಟೇ ಅಪಾಯ. ಧೋತರ, ಶಲ್ಯದ ಮಡಿಕೆ ಸೇರಿ 6 ಅಡಿ ಮೂರ್ತಿಯ ಮೇಲ್ಮೈ ಸುಮಾರು 3 ಚದರ ಮೀಟರ್ ಅಂತ ಹಿಡಿಯಿರಿ. 6 ಮಿಲಿಮೀಟರ್ ದಪ್ಪ ಎರಕ ಹೊಯ್ದರೆ ಕಂಚಿನ ತೂಕ 160 ಕೆಜಿ ಆಸುಪಾಸು. 10 ಮಿಲಿಮೀಟರ್ ಆದರೆ 265 ಕೆಜಿ. ತೂಕಕ್ಕೆ ದುಡ್ಡು ಅಂದಾಗ ದಪ್ಪ ಹೊಯ್ಯುವವನಿಗೇ ಲಾಭ, ಆದರೆ ದಪ್ಪ ಎರಕ ಒಳ್ಳೇ ಎರಕ ಅಲ್ಲ. ತೆಳು ಭಾಗ ಬೇಗ ಆರುತ್ತದೆ, ದಪ್ಪ ಭಾಗ ತಡವಾಗಿ ಆರುತ್ತ ಕುಗ್ಗುತ್ತದೆ, ಎರಡರ ಸಂದಿಯಲ್ಲಿ ಸೀಳು, ಇಲ್ಲವೇ ಒಳಗೆ ತೂತು. ಅದಕ್ಕೆ ಕರಾರಿನಲ್ಲಿ ಬರೆಯಬೇಕಾದದ್ದು ದಪ್ಪ, 5ರಿಂದ 6 ಮಿಲಿಮೀಟರ್, ಎಲ್ಲ ಕಡೆ ಒಂದೇ ಸಮ. ಮೇಣದ ಹಂತದಲ್ಲಿ ಸೂಜಿ ಚುಚ್ಚಿ ಅಳೆಯಬಹುದು.

ಮೇಣದ ಹಂತ ಅಂದರೆ ಏನು ಅಂತ ಹೇಳಬೇಕು. ಮಣ್ಣಿನ ಮೇಲೆ ಸಿಲಿಕೋನ್ ರಬ್ಬರ್ ಹಚ್ಚಿ, ಅದರ ಹಿಂದೆ ಪ್ಲಾಸ್ಟರ್ ಅಥವಾ ಫೈಬರಿನ ಗಟ್ಟಿ ಕವಚ ಹಾಕಿ ಅಚ್ಚು ತೆಗೆಯುತ್ತಾರೆ. ಅಚ್ಚು ಬಿಚ್ಚುವಾಗ ಮಣ್ಣಿನ ಮೂರ್ತಿ ಹಾಳಾಗುತ್ತದೆ, ಮತ್ತೆ ಸಿಗುವುದಿಲ್ಲ. ಅಚ್ಚಿನೊಳಗೆ ಬಿಸಿ ಮೇಣ ಬಳಿದು ಪೊಳ್ಳು ಮೂರ್ತಿ ಪಡೆಯುತ್ತಾರೆ. ಅದಕ್ಕೆ ಮೇಣದ ಕೊಳವೆಗಳನ್ನು ಅಂಟಿಸುತ್ತಾರೆ, ಕೆಲವು ಲೋಹ ಒಳಗೆ ಹೋಗಲು, ಕೆಲವು ಗಾಳಿ ಹೊರಗೆ ಹೋಗಲು. ಒಳಗೂ ಹೊರಗೂ ಬೆಂಕಿ ತಡೆಯುವ ಗಾರೆ ತುಂಬಿ, ಭಟ್ಟಿಯಲ್ಲಿ ಸುಟ್ಟಾಗ ಮೇಣ ಕರಗಿ ಹೋಗುತ್ತದೆ. ಆ ಖಾಲಿ ಜಾಗಕ್ಕೆ 1100 ಡಿಗ್ರಿಗೂ ಹೆಚ್ಚು ಬಿಸಿಯ ಕಂಚು. ಗಾರೆಯಲ್ಲಿ ತೇವ ಉಳಿದಿದ್ದರೆ ಅದು ಹಬೆಯಾಗಿ ಸಿಡಿಯುತ್ತದೆ, ಲೋಹದ ತುಂಬ ಗುಳ್ಳೆ. ಗಾಳಿಯ ಕೊಳವೆ ಕಡಿಮೆಯಾದರೆ ಬೆರಳ ತುದಿ, ಕಿವಿಯ ಅಂಚು ತುಂಬುವುದೇ ಇಲ್ಲ. ದೊಡ್ಡ ಮೂರ್ತಿಯನ್ನು ಒಂದೇ ಸಲ ಹೊಯ್ಯುವುದಿಲ್ಲ, ತುಂಡು ತುಂಡು ಹೊಯ್ದು ಬೆಸೆಯುತ್ತಾರೆ. ಬೆಸುಗೆ ಕಡ್ಡಿಯ ಮಿಶ್ರಣ ಮೂರ್ತಿಯ ಮಿಶ್ರಣಕ್ಕೆ ಹೊಂದದಿದ್ದರೆ ಎರಡು ಮಳೆಗಾಲ ಕಳೆದ ಮೇಲೆ ಕುತ್ತಿಗೆ, ತೋಳಿನ ಸುತ್ತ ಬೇರೆ ಬಣ್ಣದ ಗೆರೆ ಏಳುತ್ತದೆ. ಕಂಚು ಅಂತ ಹೇಳಿ ಹಿತ್ತಾಳೆ ಹೊಯ್ಯುವುದೂ ಉಂಟು. ಮೇಲೆ ರಾಸಾಯನಿಕ ಹಾಕಿ ಕಂದು ಬಣ್ಣ ಬರಿಸಿದ ಮೇಲೆ ಗುರುತು ಹಿಡಿಯುವುದು ಕಷ್ಟ. ಬಣ್ಣ ಹಾಕುವ ಮೊದಲು ಕೊಳವೆ ಕೊಯ್ದ ತುಂಡೊಂದನ್ನು ತೆಗೆದುಕೊಂಡು ಲ್ಯಾಬಿನಲ್ಲಿ ತಾಮ್ರ, ತವರ, ಸತು ಎಷ್ಟೆಷ್ಟಿದೆ ಅಂತ ಪರೀಕ್ಷೆ ಮಾಡಿಸಿ.

ಒಳಗಿನ ಆಧಾರಕ್ಕೆ ಸಾದಾ ಕಬ್ಬಿಣ ಬಿಟ್ಟರೆ ತೇವ ಸೇರಿ ಕಂಚಿಗೆ ತಾಗಿದ ಕಡೆ ಬೇಗ ತುಕ್ಕು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಪಾದದ ಹತ್ತಿರ ಒಳಗಿನ ನೀರು ಹೊರಗೆ ಹೋಗಲು ಒಂದು ಸಣ್ಣ ತೂತು ಇರಲೇಬೇಕು.

ಫೈಬರ್ ಅಂದರೆ ಮೂಗು ಮುರಿಯಬೇಕಿಲ್ಲ. ಬಡ ಊರಿಗೆ ಅದೇ ದಾರಿ, ಒಳ್ಳೇ ಮಣ್ಣಿನಿಂದ ತೆಗೆದ ಫೈಬರ್ ಮೂರ್ತಿ ಕೆಟ್ಟ ಮಣ್ಣಿನಿಂದ ತೆಗೆದ ಕಂಚಿಗಿಂತ ಸಾವಿರ ಪಾಲು ಮೇಲು. ಅದೇ ಆರಡಿ ಮೂರ್ತಿಗೆ 5 ಮಿಲಿಮೀಟರ್ ಫೈಬರ್ ಸಿಪ್ಪೆ ಇಪ್ಪತ್ತು ಇಪ್ಪತ್ತೈದು ಕೆಜಿ ಮಾತ್ರ. ಅಂದರೆ ಗಾಳಿಗೆ ನಿಲ್ಲುವುದು ಒಳಗಿನ ಕಬ್ಬಿಣ ಮತ್ತು ಕಟ್ಟೆಯ ಬೋಲ್ಟಿನ ಬಲದಿಂದ. ಅಚ್ಚಿಗೆ ಮೊದಲು ಜೆಲ್‌ಕೋಟ್, ಅಂದರೆ ಹೊರಮೈ ಕಾಯುವ ರಾಳದ ಲೇಪ, ಆಮೇಲೆ ರಾಳದಲ್ಲಿ ನೆನೆಸಿದ ಗಾಜಿನ ಎಳೆಯ ಮ್ಯಾಟು ಕನಿಷ್ಠ ನಾಲ್ಕು ಪದರ. ಬೇಗ ಆಗಲಿ ಅಂತ ರಾಳ ಗಟ್ಟಿ ಮಾಡುವ ಹಾರ್ಡ್ನರ್ ಹೆಚ್ಚು ಹಾಕಿದರೆ ಮಿಶ್ರಣ ಕುದಿದು ಸಣ್ಣ ಬಿರುಕು ಬಿಡುತ್ತದೆ. ಜೆಲ್‌ಕೋಟ್ ಹಾಕದೇ ದುಡ್ಡು ಉಳಿಸಿದರೆ ಕೆಲವೇ ಬೇಸಿಗೆಗೆ ಗಾಜಿನ ಎಳೆಗಳು ಮೇಲೆದ್ದು ಮುಖದ ಮೇಲೆ ರೋಮ ಬಂದಂತೆ ಕಾಣುತ್ತದೆ.

ಸಿಮೆಂಟಿನ ಶಿಲ್ಪ ನೋಡಬೇಕಾದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಂತೆ ಸಿಮೆಂಟಿನಲ್ಲಿ ಮೂಡಿದ ಆ ಹಳ್ಳಿಯಲ್ಲಿ ಮೂರ್ತಿಗಳ ನಿಲುವುಗಳು ಎಷ್ಟು ಸಹಜ ಅಂದರೆ ಹಂದರ ಸರಿಯಾಗಿ ಬಗ್ಗಿದರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಪಾಠ ಬೇಡ. ಸಿಮೆಂಟಿನಲ್ಲಿ ಕೆಡುವುದು ಒಂದೇ ಜಾಗ: ಸರಳಿನ ಮೇಲೆ ಅರ್ಧ ಇಂಚಿಗಿಂತ ಕಡಿಮೆ ಗಾರೆ ಇದ್ದರೆ ತೇವ ಇಳಿದು, ಸರಳು ತುಕ್ಕು ಹಿಡಿದು ಉಬ್ಬಿ, ಸಿಮೆಂಟನ್ನು ಒಳಗಿನಿಂದ ಒಡೆಯುತ್ತದೆ.

ಕಟ್ಟೆಯ ಎತ್ತರವನ್ನು ಎಂಜಿನಿಯರ್ ಒಬ್ಬರೇ ತೀರ್ಮಾನಿಸುವುದು ತಪ್ಪು. ಹತ್ತಡಿ ಕಟ್ಟೆಯ ಮೇಲೆ ಒಂಬತ್ತಡಿ ಮೂರ್ತಿ ಇಟ್ಟರೆ ತಲೆ ನಮ್ಮ ಕಣ್ಣಿನ ಮಟ್ಟಕ್ಕಿಂತ 14 ಅಡಿ ಮೇಲೆ. ಸರಿಯಾಗಿ ನೋಡಲು ಅದರ ಎರಡು ಪಟ್ಟು, 28 ಅಡಿ ದೂರ ಬೇಕು. ಸರ್ಕಲ್‌ನಲ್ಲಿ ಅಷ್ಟು ಜಾಗ ಇದೆಯಾ? ಇಲ್ಲದಿದ್ದರೆ ಜನರಿಗೆ ಕಾಣುವುದು ಗದ್ದ, ಮೂಗಿನ ಹೊಳ್ಳೆ. ಕಟ್ಟೆಯ ಎತ್ತರ ಮೊದಲೇ ತಿಳಿಸಿದರೆ ಶಿಲ್ಪಿ ತಲೆಯನ್ನು ತುಸು ದೊಡ್ಡ ಮಾಡಿ, ಮುಖವನ್ನು ಸ್ವಲ್ಪ ಕೆಳಗೆ ಬಾಗಿಸುತ್ತಾನೆ. ಅಂದಹಾಗೆ ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಹೊಸ ಪುತ್ಥಳಿಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ಆದೇಶ ಕೊಟ್ಟಿದೆ. ಪಟ್ಟಿ ಎತ್ತುವುದಕ್ಕೆ ಮುಂಚೆ ಜಾಗದ ಕಾಗದ ನೋಡಿಕೊಳ್ಳಿ.

ದುಡ್ಡನ್ನು ಹಂತಕ್ಕೆ ಕಟ್ಟಿಹಾಕಿ: ಮಾದರಿ ಒಪ್ಪಿದಾಗ, ಮಣ್ಣು ಒಪ್ಪಿದಾಗ, ಮೇಣ ನೋಡಿದಾಗ, ಕಟ್ಟೆ ಏರಿದಾಗ. ಮಣ್ಣು ಒಪ್ಪಿದ ಕಾಗದಕ್ಕೆ ಕಮಿಟಿಯ ಎಲ್ಲರ ಸಹಿ ಇರಲಿ, ಇಲ್ಲದಿದ್ದರೆ ಅನಾವರಣದ ಮುಂಚಿನ ದಿನ ಯಾರೋ ಒಬ್ಬರು ಮೀಸೆ ಸಣ್ಣದಾಯಿತು ಅಂತ ಶುರು ಮಾಡುತ್ತಾರೆ. ಅಚ್ಚು ಯಾರದ್ದು ಅನ್ನುವುದನ್ನೂ ಬರೆದಿಡಿ. ಬರೆಯದಿದ್ದರೆ ನಿಮ್ಮೂರಿನ ಮೂರ್ತಿ ಮುಂದಿನ ವರ್ಷ ಪಕ್ಕದ ತಾಲ್ಲೂಕಿನಲ್ಲೂ ನಿಂತಿರುತ್ತದೆ. ಕಟ್ಟೆಯ ಕಲ್ಲಿನ ಮೇಲೆ ಉದ್ಘಾಟಕರು, ಅಧ್ಯಕ್ಷರು, ಗುತ್ತಿಗೆದಾರರು ಎಲ್ಲರ ಹೆಸರು ಇರುತ್ತದೆ, ಶಿಲ್ಪಿಯದು ಮಾತ್ರ ಇರುವುದಿಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿ ಹೋಗಿದ್ದು 12ನೇ ಶತಮಾನದಲ್ಲಿ. ನಾವು ಒಂದು ಸಾಲಿಗೆ ಜಾಗ ಕೊಡಲಾರೆವೇ?

ಕೊನೆಗೆ, ಹಾರ. ಜಯಂತಿಯ ದಿನ ಹುಡುಗರು ಮೂರ್ತಿಯ ಮೊಣಕಾಲಿನ ಮೇಲೆ ಕಾಲಿಟ್ಟು, ಚಾಚಿದ ಕೈ ಹಿಡಿದು ಹತ್ತುತ್ತಾರೆ. ಕಂಚು ತಡೆದೀತು, ಫೈಬರ್ ತಡೆಯುವುದಿಲ್ಲ, ತೋಳಿನ ಬುಡದಲ್ಲಿ ಬಿರುಕು ಬಿಡುತ್ತದೆ. ಕಟ್ಟೆಯ ಹಿಂದೆ ಕೂಡಿಸಿ ತೆಗೆಯುವಂಥ ಕಬ್ಬಿಣದ ಏಣಿಗೆ ಎರಡು ಕೊಕ್ಕೆ ಈಗಲೇ ಹಾಕಿಸಿ. ಹಾಲಿನ ಅಭಿಷೇಕ ಮಾಡಲೇಬೇಕು ಅಂದರೆ ಅವತ್ತೇ ಸಾದಾ ನೀರಿನಿಂದ ತೊಳೆಯಿರಿ, ಮರುದಿನಕ್ಕೆ ಬಿಡಬೇಡಿ. ಕಂಚಿನ ಮೂರ್ತಿಗೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಮೆತ್ತನೆ ಬಟ್ಟೆಯಿಂದ ಮೇಣ ಹಚ್ಚಿ. ಹುಣಸೆಹಣ್ಣು, ಪೀತಾಂಬರಿ ಪುಡಿ ಹಾಕಿ ತಿಕ್ಕಿದರೆ ಶಿಲ್ಪಿ ಬರಿಸಿದ ಕಂದು ಬಣ್ಣ ಕಿತ್ತು, ದೇವರ ಮನೆಯ ತಂಬಿಗೆಯ ಬಣ್ಣ ಬರುತ್ತದೆ.